ಎಷ್ಟು ದಿನ ತಗೋಬೇಕು ಡಾಕ್ಟ್ರೇ?

(ತಾಲ್ಲೂಕು ಕೇಂದ್ರವೊಂದರ ಸಮುದಾಯ ಭವನದಲ್ಲಿ ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ರೋಗಿಗಳ ಮನೆಯವರ ಮುಂದೆ ಆಡಿದ ಮಾತುಗಳಿವು. ಬರಹಕ್ಕಾಗಿ ಸ್ವಲ್ಪ ತಿದ್ದಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮನೋವೈದ್ಯ. ನಮ್ಮ ಓಪಿಡಿಯಲ್ಲಿ ಕಾಯಿಲೆಯ ಹೆಸರು ಕೇಳುವವರು ಕಡಿಮೆ. ಚೀಟಿ ಬರೆದು ಕೈಗೆ ಕೊಟ್ಟ ಕೂಡಲೇ ಒಂದೇ ಪ್ರಶ್ನೆ ಬರುತ್ತದೆ. "ಎಷ್ಟು ದಿನ ತಗೋಬೇಕು ಡಾಕ್ಟ್ರೇ?" ಅಮ್ಮ ಕೇಳುತ್ತಾರೆ, ಗಂಡ ಕೇಳುತ್ತಾನೆ, ಬಾಗಿಲ ಹತ್ತಿರ ನಿಂತ ಅಣ್ಣ ಕೇಳುತ್ತಾನೆ. ಆ ಪ್ರಶ್ನೆಯ ಒಳಗೆ ಎಷ್ಟೋ ಭಯ ಇದೆ. ಮಾತ್ರೆ ಚಟ ಆಗಿಬಿಟ್ಟರೆ? ಮಗಳ ಮದುವೆ ಮಾತುಕತೆಗೆ ಬಂದವರಿಗೆ ಗೊತ್ತಾದರೆ? ಪ್ರತಿ ತಿಂಗಳು ಬಸ್ ಚಾರ್ಜು, ಕೂಲಿ ಕೆಲಸ ತಪ್ಪುವುದು, ಇದನ್ನೆಲ್ಲ ಎಲ್ಲಿಂದ ತರುವುದು?

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಈ ಪ್ರಶ್ನೆಗೆ "ನೋಡೋಣ" ಅಂತ ಹೇಳಿ ಮುಂದಿನ ರೋಗಿಯನ್ನು ಕರೆಯುತ್ತಿದ್ದೆ. ಹೊರಗೆ ಉದ್ದದ ಸಾಲು ಇರುತ್ತಿತ್ತು. ಆಗ ಒಬ್ಬ ಹೆಣ್ಣುಮಗಳು ಬಂದಿದ್ದರು. ಹೊಲಿಗೆ ಕೆಲಸ ಮಾಡುವವರು. ಎರಡು ತಿಂಗಳಿಂದ ಮಿಷನ್ ಮುಂದೆ ಕೂತಿರಲಿಲ್ಲ. ಊಟ ಸೇರುತ್ತಿರಲಿಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುವ ಯೋಚನೆ. ಖಿನ್ನತೆ ಸ್ಪಷ್ಟವಾಗಿತ್ತು. ಮಾತ್ರೆ ಬರೆದೆ. ಹನ್ನೆರಡು ದಿನ ನುಂಗಿ ನಿಲ್ಲಿಸಿದರು. ನಾಲ್ಕು ತಿಂಗಳ ನಂತರ ಮನೆಯವರು ಎತ್ತಿಕೊಂಡು ಬರುವ ಸ್ಥಿತಿಯಲ್ಲಿ ಮತ್ತೆ ಬಂದರು. ಯಾಕೆ ನಿಲ್ಲಿಸಿದಿರಿ ಅಂದೆ. "ವಾಕರಿಕೆ ಬಂತು ಸಾರ್, ತಲೆನೋವು ಬಂತು. ಮನಸ್ಸಿಗೆ ಮಾತ್ರ ಏನೂ ಆಗ್ಲಿಲ್ಲ. ಇದು ನನಗೆ ಒಗ್ಗಲ್ಲ ಅಂದ್ಕೊಂಡೆ."

ಅವರ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು. ಖಿನ್ನತೆಯ ಮಾತ್ರೆಗಳಲ್ಲಿ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ ಬರುತ್ತದೆ. ವಾಕರಿಕೆ, ತಲೆನೋವು, ಸ್ವಲ್ಪ ಚಡಪಡಿಕೆ ಇವೆಲ್ಲ ಮೊದಲ ವಾರದಲ್ಲೇ ಶುರು. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮನಸ್ಸು ಹಗುರಾಗುವುದು ಎರಡರಿಂದ ನಾಲ್ಕು ವಾರಕ್ಕೆ, ಕೆಲವರಿಗೆ ಆರು ವಾರಕ್ಕೆ. ಈ ಒಂದು ಮಾತನ್ನು ಎರಡು ನಿಮಿಷ ಕೂರಿಸಿಕೊಂಡು ಹೇಳಿದ್ದರೆ ಆ ನಾಲ್ಕು ತಿಂಗಳ ನರಕ ಅವರಿಗೆ ತಪ್ಪುತ್ತಿತ್ತೋ ಏನೋ. ಅಂದಿನಿಂದ "ಎಷ್ಟು ದಿನ" ಅನ್ನುವ ಪ್ರಶ್ನೆಗೆ ಉತ್ತರ ಕೊಡದೆ ನಾನು ಯಾರನ್ನೂ ಕಳಿಸುವುದಿಲ್ಲ. ಇವತ್ತಿನ ಮಾತೂ ಅದರ ಮೇಲೆಯೇ.

ಯಾಕೆ ಅಷ್ಟು ತಡ? ನಮ್ಮಲ್ಲಿ ತುಂಬ ಜನ, ಡಾಕ್ಟರುಗಳೂ ಸೇರಿ, ಹೇಳುವ ಒಂದು ಮಾತಿದೆ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಮ್ಮಿಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ ಅಂತ. ಕೇಳಲು ಸುಲಭ. ಆದರೆ ಅಷ್ಟು ಸರಳ ಅಲ್ಲ. ಮಾತ್ರೆ ಸೆರೊಟೋನಿನ್ ಮೇಲೆ ಕೆಲಸ ಮಾಡಲು ಕೆಲವು ಗಂಟೆ ಸಾಕು. ಬರೀ ತುಂಬುವ ಲೆಕ್ಕವೇ ಆಗಿದ್ದರೆ ಮಾರನೇ ದಿನವೇ ಹುಷಾರಾಗಬೇಕಿತ್ತು ಅಲ್ವಾ? ಆಗುವುದಿಲ್ಲ. ಆ ಬದಲಾವಣೆಗೆ ಮೆದುಳಿನ ನರಕೋಶಗಳು ನಿಧಾನವಾಗಿ ಹೊಂದಿಕೊಳ್ಳಬೇಕು. ಅವುಗಳ ನಡುವಿನ ಸಂಪರ್ಕ ಬದಲಾಗಬೇಕು. ಗಿಡಕ್ಕೆ ನೀರು ಹಾಕಿದ ದಿನವೇ ಚಿಗುರು ಬರುವುದಿಲ್ಲ.

ಈ ಮಾತ್ರೆಗಳು ಸಿಕ್ಕಿದ ಕಥೆಯೂ ಹಾಗೆಯೇ ಇದೆ. ಯಾರೂ ಲೆಕ್ಕ ಹಾಕಿ ಕಂಡುಹಿಡಿದಿದ್ದಲ್ಲ. 1952ರ ಸುಮಾರಿಗೆ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಐಪ್ರೊನಿಯಾಜಿಡ್ ಅನ್ನುವ ಔಷಧ ಕೊಟ್ಟರು. ಎದೆಯ ಕಾಯಿಲೆಗೆ ಕೊಟ್ಟ ಮಾತ್ರೆ. ಹಾಸಿಗೆ ಹಿಡಿದವರ ಮುಖದಲ್ಲಿ ಗೆಲುವು ಬಂತು, ಎದ್ದು ಓಡಾಡತೊಡಗಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕರ್ ಅನ್ನುವ ಇಬ್ಬರು ವೈದ್ಯರು ಕ್ಲೋರ್‌ಪ್ರೊಮಜಿನ್ ಔಷಧವನ್ನು ತೀವ್ರ ಮನೋರೋಗಿಗಳಿಗೆ ಕೊಟ್ಟು ನೋಡಿದರು. ಅದು ಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಸಹಾಯ ಆಗಲಿ ಅಂತ ಬಳಸುತ್ತಿದ್ದ ಔಷಧ. ಕಿರುಚಾಟದ ವಾರ್ಡುಗಳು ಶಾಂತವಾದವು. ಅದಕ್ಕೂ ಮುಂಚೆ, 1931ರಲ್ಲಿ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ನಮ್ಮ ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೊಟ್ಟು ಬರೆದಿದ್ದರು. ಅದರ ಸತ್ವವನ್ನು ಮುಂದೆ ರಿಸರ್ಪಿನ್ ಅಂತ ಬೇರ್ಪಡಿಸಿ ಜಗತ್ತೆಲ್ಲ ಬಳಸಿತು. ಅದರಿಂದ ಕೆಲವರಿಗೆ ಮಂಕು ಕವಿಯುತ್ತದೆ ಅಂತ ಕಂಡಮೇಲೆ, ಒಳ್ಳೆಯ ಔಷಧಗಳು ಬಂದಮೇಲೆ, ಹಿಂದೆ ಸರಿಯಿತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, "ಇಂಗ್ಲಿಷ್ ಮಾತ್ರೆ ಅಂದ್ರೆ ಬರೀ ಮಂಪರು ಬರಿಸೋದು" ಅನ್ನುವ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಮನೋವೈದ್ಯರು ಕೊಡುವುದೆಲ್ಲ ನಿದ್ದೆ ಮಾತ್ರೆ ಅಂತ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಯಾಕೆಂದರೆ ದೊಡ್ಡ ಗೊಂದಲ ಇರುವುದೇ ಇಲ್ಲಿ.

ಆಲ್‌ಪ್ರಾಜೊಲಾಮ್, ಕ್ಲೊನಾಜೆಪಾಮ್ ತರಹದ ಮಾತ್ರೆಗಳಿವೆ. ನುಂಗಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆ ಡವಡವ ನಿಲ್ಲುತ್ತದೆ, ನಿದ್ದೆ ಬರುತ್ತದೆ. ಇವು ನಿಜವಾಗಿಯೂ ಅಭ್ಯಾಸ ಆಗುತ್ತವೆ. ಕೆಲವು ವಾರ ಬಿಡದೆ ತಗೊಂಡರೆ ದೇಹ ಅವನ್ನೇ ಕೇಳುತ್ತದೆ. ಆದ್ದರಿಂದ ಕಮ್ಮಿ ದಿನಕ್ಕೆ, ಕಮ್ಮಿ ಡೋಸಿಗೆ. ಈಗಾಗಲೇ ವರ್ಷಗಟ್ಟಲೆ ತಗೊಳ್ಳುತ್ತಿರುವವರು ಇಲ್ಲಿ ಇದ್ದರೆ, ದಯವಿಟ್ಟು ಇವತ್ತು ನನ್ನ ಮಾತು ಕೇಳಿ ನಾಳೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಹತ್ತಿರ ಹೋಗಿ, ನಿಧಾನವಾಗಿ ಇಳಿಸಬೇಕು. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯಾಕ್ಸೆಟಿನ್ ಇವು ಬೇರೆಯೇ ಗುಂಪು. ಇವು ಖಿನ್ನತೆಗೆ, ಆತಂಕಕ್ಕೆ, ಗೀಳಿಗೆ (ಬೇಡವೆಂದರೂ ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಕಾಯಿಲೆಗೆ) ಕೊಡುವ ಮಾತ್ರೆಗಳು. ನುಂಗಿದ ತಕ್ಷಣ ಏನೂ ಅನ್ನಿಸುವುದಿಲ್ಲ. ಇನ್ನೊಂದು ಬೇಕು, ಮತ್ತೊಂದು ಬೇಕು ಅನ್ನುವ ಚಟ ಇವುಗಳಿಂದ ಬರುವುದಿಲ್ಲ. ಆದರೆ ಇವನ್ನೂ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಅದಕ್ಕೇ ಇವನ್ನೂ ಇಳಿಸಿಯೇ ನಿಲ್ಲಿಸುವುದು.

ಇನ್ನೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. 25 ವರ್ಷದೊಳಗಿನವರಿಗೆ ಖಿನ್ನತೆಯ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಸಾಯುವ ಯೋಚನೆ ಜಾಸ್ತಿ ಆಗುವ ಸಾಧ್ಯತೆ ಕೆಲವರಲ್ಲಿ ಇದೆ. 2004ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಈ ಎಚ್ಚರಿಕೆಯನ್ನು ಮಾತ್ರೆಯ ಮಾಹಿತಿ ಚೀಟಿಯ ಮೇಲೆಯೇ ಹಾಕಿಸಿತು. ಆಮೇಲೆ ಅದನ್ನು 25ರೊಳಗಿನ ಯುವಕ ಯುವತಿಯರಿಗೂ ಸೇರಿಸಿದರು. ಮಾತ್ರೆ ಕೊಡಬಾರದು ಅಂತ ಅರ್ಥ ಅಲ್ಲ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ಚಡಪಡಿಕೆ ಹೆಚ್ಚಾದರೆ ಮುಂದಿನ ತಿಂಗಳವರೆಗೆ ಕಾಯದೆ ಬನ್ನಿ ಅಂತ.

ಈಗ ಮಾತಿನ ಚಿಕಿತ್ಸೆಗೆ ಬರೋಣ. ಥೆರಪಿ, ಕೌನ್ಸೆಲಿಂಗ್ ಅಂತೀವಲ್ಲ, ಅದು.

ತುಂಬ ಜನ ನನ್ನ ಹತ್ತಿರ ಮಗನನ್ನು ಕರೆತಂದು "ಸ್ವಲ್ಪ ಬುದ್ಧಿ ಹೇಳಿ ಡಾಕ್ಟ್ರೇ" ಅನ್ನುತ್ತಾರೆ. ಬುದ್ಧಿವಾದ ಅವನಿಗೆ ಮನೆಯಲ್ಲಿ ಬೇಕಾದಷ್ಟು ಸಿಕ್ಕಿರುತ್ತದೆ. "ಧೈರ್ಯ ತಂದ್ಕೋ", "ನಿನಗೇನು ಕಮ್ಮಿ ಆಗಿದೆ", "ದೇವರ ಮೇಲೆ ಭಾರ ಹಾಕು". ಇವುಗಳಿಂದ ಗುಣ ಆಗುವ ಹಾಗಿದ್ದರೆ ಅವನು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಮಾತಿನ ಚಿಕಿತ್ಸೆ ಅಂದರೆ ಒಂದು ಅಭ್ಯಾಸ. ಸೈಕಲ್ ಕಲಿತ ಹಾಗೆ. ಅದಕ್ಕೂ ಲೆಕ್ಕ ಇದೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನಾರು ಸಲ. ನಡುವೆ ಮನೆಯಲ್ಲಿ ಮಾಡುವ ಕೆಲಸ ಇರುತ್ತದೆ. ಅದೇ ಮುಖ್ಯ.

ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ. ನಲವತ್ತು ದಾಟಿದ ಗೃಹಿಣಿಯೊಬ್ಬರು. ಬಚ್ಚಲಿಗೆ ಹೋದರೆ ಎರಡು ಗಂಟೆ. ಕೈ ತೊಳೆದು ತೊಳೆದು ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು. ಗಂಡ ಸಂತೆಯಿಂದ ಬಂದರೆ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು. ಮಕ್ಕಳ ಶಾಲೆ ಬ್ಯಾಗು ದಿನಾ ತೊಳೆಯಬೇಕು. ಚಿಲ್ಲರೆ ಕಾಸನ್ನು ಸೋಪಿನ ನೀರಿನಲ್ಲಿ ನೆನೆಹಾಕುತ್ತಿದ್ದರು. ಇದು ಶುರುವಾಗಿ ಹದಿನಾಲ್ಕು ವರ್ಷ ಆಗಿತ್ತು. ಅಷ್ಟು ವರ್ಷ ಯಾರೂ ಕಾಯಿಲೆ ಅಂದುಕೊಳ್ಳಲಿಲ್ಲ. ಮಡಿ-ಮೈಲಿಗೆ ಇರುವ ಮನೆ. ಮೊದಮೊದಲು ಅತ್ತೆಯೇ ಮೆಚ್ಚಿಕೊಂಡಿದ್ದರಂತೆ, "ನಮ್ಮ ಸೊಸೆ ಎಷ್ಟು ಮಡಿವಂತೆ" ಅಂತ.

ಮಡಿಗೂ ಗೀಳಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಮಡಿ ಮಾಡುವವರಿಗೆ ಸ್ನಾನ ಮುಗಿದಮೇಲೆ ಒಂದು ನೆಮ್ಮದಿ ಇರುತ್ತದೆ. ಪೂಜೆಗೆ ಕೂರುತ್ತಾರೆ, ಆಮೇಲೆ ಅಡುಗೆ, ಊಟ. ಇವರಿಗೆ ಆ ನೆಮ್ಮದಿ ಬರುವುದೇ ಇಲ್ಲ. ನೀರು ಸುರಿದಷ್ಟೂ "ಸರಿಯಾಗಿ ಆಯ್ತೋ ಇಲ್ವೋ" ಅನ್ನುವ ಅನುಮಾನ. ಇದು ಅತಿಯಾಯಿತು ಅಂತ ಅವರಿಗೇ ಗೊತ್ತು, ನಿಲ್ಲಿಸಲು ಆಗುತ್ತಿಲ್ಲ. ಆ ಹೆಣ್ಣುಮಗಳು ನನ್ನ ಮುಂದೆ ಅತ್ತಿದ್ದು ಕೊಳಕಿನ ಭಯಕ್ಕಲ್ಲ. "ನನ್ನ ಮಗಳು ಹತ್ತಿರ ಬಂದ್ರೆ ತಳ್ತೀನಿ ಸಾರ್" ಅಂತ ಅತ್ತರು.

ಗೀಳಿಗೆ ಇರುವ ಒಳ್ಳೆಯ ಮಾತಿನ ಚಿಕಿತ್ಸೆಯ ಬೇರು 1966ರಲ್ಲಿ ಲಂಡನ್ನಿನ ವಿಕ್ಟರ್ ಮೆಯರ್ ಅನ್ನುವವರು ಪ್ರಕಟಿಸಿದ ಕೆಲಸದಲ್ಲಿದೆ. ಹೇಳುವುದು ಸುಲಭ. ಭಯ ಹುಟ್ಟಿಸುವುದನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಬಾರದು. ಮಾಡುವುದು ಬಹಳ ಕಷ್ಟ. ಆದ್ದರಿಂದ ಮೊದಲು ಒಂದು ಏಣಿ ಮಾಡುತ್ತೇವೆ. ನಮ್ಮ ಮನಶ್ಶಾಸ್ತ್ರಜ್ಞೆ ಅವರ ಜೊತೆ ಕೂತು ನೂರಕ್ಕೆ ಎಷ್ಟು ಭಯ ಅಂತ ಅಂಕ ಹಾಕಿಸಿದರು. ಮನೆಯ ಮುಂಬಾಗಿಲ ಚಿಲಕಕ್ಕೆ 40. ಚಿಲ್ಲರೆ ಕಾಸಿಗೆ 55. ಬಸ್ಸಿನ ಕಂಬಿಗೆ 80. ಸಾರ್ವಜನಿಕ ಶೌಚಾಲಯದ ಬಾಗಿಲಿಗೆ 100.

ಚಿಲಕದಿಂದ ಶುರು. ಬೆರಳ ತುದಿ ತಾಗಿಸಿ, ಕೈಯನ್ನು ಮಡಿಲ ಮೇಲಿಟ್ಟು, ಸುಮ್ಮನೆ ಕೂರಬೇಕು. ಐದು ನಿಮಿಷಕ್ಕೊಮ್ಮೆ ಭಯ ಎಷ್ಟಿದೆ ಅಂತ ಹೇಳಬೇಕು. ಮೊದಲ ದಿನ ಅದು 40ರಲ್ಲಿ ನಿಲ್ಲಲಿಲ್ಲ. 70 ಆಯಿತು, 80 ಆಯಿತು. ಬೆವರಿದರು, ಅತ್ತರು, ಎದ್ದು ನಲ್ಲಿಯ ಕಡೆ ಎರಡು ಹೆಜ್ಜೆ ಇಟ್ಟು ವಾಪಸ್ ಬಂದು ಕೂತರು. 80, 80, 75. ಅರ್ಧ ಗಂಟೆ ದಾಟಿದಮೇಲೆ 60. ಐವತ್ತನೇ ನಿಮಿಷಕ್ಕೆ 35. ತೊಳೆಯದೇ ಭಯ ಇಳಿದಿದ್ದನ್ನು ಹದಿನಾಲ್ಕು ವರ್ಷದಲ್ಲಿ ಅವರು ಮೊದಲ ಸಲ ಕಂಡರು. ಇದನ್ನು ಯಾರು ಎಷ್ಟು ಬಾಯಿಮಾತಲ್ಲಿ ಹೇಳಿದರೂ ನಂಬಿಕೆ ಬರುವುದಿಲ್ಲ. ತಾನೇ ಕೂತು ನೋಡಬೇಕು. ಮಾರನೇ ದಿನ ಮತ್ತೆ ಅದೇ ಚಿಲಕ. ಹೀಗೆ ದಿನಾ.

ಇನ್ನು ಮಾತ್ರೆ. ಇವರಿಗೆ ಮಾತ್ರೆಯನ್ನೂ ಕೊಟ್ಟಿದ್ದೆವು. ಗೀಳಿಗೆ ಖಿನ್ನತೆಗಿಂತ ಸಾಮಾನ್ಯವಾಗಿ ಹೆಚ್ಚು ಡೋಸ್ ಬೇಕಾಗುತ್ತದೆ, ಹೆಚ್ಚು ಸಮಯವೂ ಬೇಕು, ಹತ್ತರಿಂದ ಹನ್ನೆರಡು ವಾರ. ಕಾಯಿಲೆ ಹಗುರಾಗಿದ್ದರೆ ಬರೀ ಅಭ್ಯಾಸದಿಂದಲೇ ಗುಣವಾಗುವವರಿದ್ದಾರೆ. ಇವರಿಗೆ ಮೊದಲು ಬಂದಾಗ ಚಿಲಕ ಮುಟ್ಟಲೂ ಆಗುತ್ತಿರಲಿಲ್ಲ. ಅಂಕ ಹಾಕುವ ಹಾಳೆಯನ್ನೇ ಮುಟ್ಟಲಿಲ್ಲ. ಮಾತ್ರೆ ಎರಡು ತಿಂಗಳಲ್ಲಿ ಆ ಭಯವನ್ನು 40ಕ್ಕೆ ಇಳಿಸಿತು. ಅಲ್ಲಿಂದ ಮುಂದಿನ ಏಣಿಯನ್ನು ಅವರೇ ಹತ್ತಿದರು. ಮಾತ್ರೆಯೋ ಮಾತೋ ಅಂತ ನನ್ನನ್ನು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಚಿಲಕ ನೆನಪಾಗುತ್ತದೆ.

ಗಂಡನ ಪಾಲೂ ಇತ್ತು. ಅವರು ಇಷ್ಟು ವರ್ಷ ಪ್ರೀತಿಯಿಂದಲೇ ಹಿತ್ತಲಲ್ಲಿ ಸ್ನಾನ ಮಾಡುತ್ತಿದ್ದರು. "ಕೈ ತೊಳೆದ್ರಾ?" ಅಂತ ಹತ್ತು ಸಲ ಕೇಳಿದರೂ ಹತ್ತು ಸಲ "ತೊಳೆದೆ" ಅನ್ನುತ್ತಿದ್ದರು. ಜಗಳ ಬೇಡ ಅಂತ. ಆದರೆ ಪ್ರತಿ ಉತ್ತರವೂ ಗೀಳಿಗೆ ಒಂದು ತುತ್ತು ಅನ್ನ ಹಾಕಿದ ಹಾಗೆ. ಅವರಿಗೂ ಕಲಿಸಬೇಕಾಯಿತು. ಬೈಯಬಾರದು, ಹಂಗಿಸಬಾರದು, ಉತ್ತರವನ್ನೂ ಕೊಡಬಾರದು. "ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು, ನಾನು ಇಲ್ಲೇ ಕೂತಿರ್ತೀನಿ" ಅಂತ ಮಾತ್ರ ಹೇಳಬೇಕು. ಇದನ್ನು ಮಾಡುವುದು ಅವರಿಗೆ ಸ್ನಾನ ಮಾಡುವುದಕ್ಕಿಂತ ಕಷ್ಟವಾಯಿತು.

ಖಿನ್ನತೆಯ ಮಾತಿನ ಚಿಕಿತ್ಸೆ ಬೇರೆ ತರಹ. ಖಿನ್ನತೆಯಲ್ಲಿ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾನೆ. ಬಿಟ್ಟಷ್ಟೂ ಮನಸ್ಸು ಕುಗ್ಗುತ್ತದೆ, ಕುಗ್ಗಿದಷ್ಟೂ ಬಿಡುತ್ತಾನೆ. "ಮನಸ್ಸು ಸರಿಯಾಗಲಿ, ಆಮೇಲೆ ಕೆಲಸ" ಅಂತ ಕಾಯುತ್ತಾನೆ. ಚಿಕಿತ್ಸೆಯಲ್ಲಿ ಇದನ್ನು ತಿರುಗಿಸುತ್ತೇವೆ. ಮನಸ್ಸು ಇರಲಿ ಬಿಡಲಿ, ಬೆಳಿಗ್ಗೆ ಏಳಕ್ಕೆ ಅಂಗಳಕ್ಕೆ ಬರುವುದು. ಅಷ್ಟೇ. ಮುಂದಿನ ವಾರ ಹಸುವಿಗೆ ನೀರು. ಅದರ ಮುಂದಿನ ವಾರ ತಂಗಿಗೆ ಒಂದು ಫೋನ್. ನಮ್ಮ ಪಕ್ಕದ ಗೋವಾದಲ್ಲಿ ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದಾರೆ. ಮನಶ್ಶಾಸ್ತ್ರ ಓದದ ಸ್ಥಳೀಯ ಜನರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳಿಗೆ ಈ ಸಹಾಯ ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ 39. ಇಲ್ಲಿ ಕೂತಿರುವ ಆಶಾ ಅಕ್ಕಂದಿರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮಂಥವರಿಂದ ಆಗದ ಕೆಲಸ ಅಲ್ಲ ಇದು.

ಹಾಗಾದರೆ ಯಾರಿಗೆ ಯಾವುದು? ಖಿನ್ನತೆ, ಆತಂಕ ಹಗುರವಾಗಿದ್ದರೆ ಮಾತಿನಿಂದಲೇ ಶುರು ಮಾಡಬಹುದು. ತೀವ್ರವಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಸ್ಕಿಜೋಫ್ರೇನಿಯಾದಲ್ಲಿ, ಅಂದರೆ ಕಿವಿಯಲ್ಲಿ ಇಲ್ಲದ ದನಿ ಕೇಳುವುದು, ಎಲ್ಲರೂ ಸೇರಿ ನನಗೆ ಕೇಡು ಬಗೆಯುತ್ತಿದ್ದಾರೆ ಅನ್ನಿಸುವುದು ಇಂಥ ಕಾಯಿಲೆಯಲ್ಲಿ, ಮಾತ್ರೆ ಅಥವಾ ತಿಂಗಳ ಇಂಜೆಕ್ಷನ್ನೇ ತಳಪಾಯ. ಮನಸ್ಸು ಕೆಲವು ಕಾಲ ಅತಿಯಾಗಿ ಏರಿ, ಕೆಲವು ಕಾಲ ತೀರಾ ಕುಗ್ಗುವ ಬೈಪೋಲಾರ್ ಕಾಯಿಲೆಯಲ್ಲೂ ಹಾಗೆಯೇ. ಅಲ್ಲಿ ಮಾತು ಬೇಡ ಅಂತಲ್ಲ. ತಳಪಾಯ ಇಲ್ಲದೆ ಗೋಡೆ ನಿಲ್ಲುವುದಿಲ್ಲ.

ಬೈಪೋಲಾರ್ ಅಂದಾಗ ಲಿಥಿಯಂ ಬಗ್ಗೆ ಹೇಳಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯರು ಈ ಉಪ್ಪನ್ನು ಉನ್ಮಾದದ ರೋಗಿಗಳಿಗೆ ಕೊಟ್ಟು ಅದರ ಗುಣ ತೋರಿಸಿದರು. ಎಪ್ಪತ್ತು ವರ್ಷ ಕಳೆದರೂ ಇಂದಿಗೂ ಒಳ್ಳೆಯ ಔಷಧ. ಆತ್ಮಹತ್ಯೆಯ ಅಪಾಯವನ್ನೂ ಕಮ್ಮಿ ಮಾಡಬಹುದು. ಆದರೆ ಇದಕ್ಕೆ ಬೇಕಾದ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಮ್ಮಿ. ಅದಕ್ಕೇ ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಆದಮೇಲೆ ರಕ್ತ ಕೊಡಿ ಅನ್ನುವುದು. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು. ಮನೆಯವರು ಬರೆದಿಟ್ಟುಕೊಳ್ಳಿ. ವಾಂತಿ ಭೇದಿ ಆದರೆ, ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ನೀರು ಕುಡಿಯದಿದ್ದರೆ, ಉಪ್ಪು ಬಿಟ್ಟು ಪಥ್ಯ ಮಾಡಿದರೆ, ನೀರೂ ಕುಡಿಯದ ಉಪವಾಸ ಮಾಡಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ತಗೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಡೆದಾಡುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಮಾತ್ರೆ ಮುಂದುವರಿಸಬೇಡಿ, ಆಸ್ಪತ್ರೆಗೆ ಕರೆತನ್ನಿ.

ಕರೆಂಟ್ ಚಿಕಿತ್ಸೆಯ ಬಗ್ಗೆ ಎಲ್ಲ ಸಭೆಯಲ್ಲೂ ಯಾರಾದರೂ ಕೇಳುತ್ತೀರಿ, ನಾನೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ನೋಡಿದ ಹಾಗಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು ಮಾಡುತ್ತಾರೆ. ಅವೆರಡೂ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅನ್ನ ನೀರು ಬಿಟ್ಟು ಸಾವಿನ ಅಂಚಿಗೆ ಹೋದ ಖಿನ್ನತೆಯಲ್ಲಿ ಬಹಳ ಬೇಗ ಕೆಲಸ ಮಾಡುವ ಚಿಕಿತ್ಸೆ ಇದು. ಸ್ವಲ್ಪ ದಿನ ಮರೆವು ಇರುತ್ತದೆ. ಕೆಲವರಿಗೆ ಆ ದಿನಗಳ ನೆನಪು ಪೂರ್ತಿ ಮರಳುವುದಿಲ್ಲ. ಅದನ್ನೂ ಮೊದಲೇ ಹೇಳಿಯೇ ಮಾಡಬೇಕು.

ಈಗ ನಿಲ್ಲಿಸುವ ವಿಷಯ. ಖಿನ್ನತೆ ಮೊದಲ ಸಲ ಬಂದಿದ್ದರೆ, ಪೂರ್ತಿ ಹುಷಾರಾದ ದಿನದಿಂದ ಆರರಿಂದ ಒಂಬತ್ತು ತಿಂಗಳು. ಗಮನಿಸಿ, ಮಾತ್ರೆ ಶುರುವಾದ ದಿನದಿಂದಲ್ಲ. ಹುಷಾರಾದ ದಿನದಿಂದ. ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷ ಅಥವಾ ಹೆಚ್ಚು. ಸ್ಕಿಜೋಫ್ರೇನಿಯಾದಲ್ಲಿ ಮೊದಲ ಸಲವಾದರೆ ಕಡಿಮೆ ಅಂದರೂ ಒಂದೆರಡು ವರ್ಷ, ಹಲವರಿಗೆ ಅದಕ್ಕಿಂತ ತುಂಬ ಹೆಚ್ಚು. ಮಾತ್ರೆ ನಿಲ್ಲಿಸುವವರಲ್ಲಿ ಎಷ್ಟೋ ಜನ ನಿಲ್ಲಿಸುವುದು ತೊಂದರೆ ಆಗಿ ಅಲ್ಲ. ಚೆನ್ನಾಗಿದ್ದಾಗ. "ಈಗ ಹುಷಾರಾಗಿದ್ದೀನಲ್ಲ, ಇನ್ಯಾಕೆ?" ನಿಲ್ಲಿಸಿದ ಮರುದಿನವೇ ಕಾಯಿಲೆ ಮರಳುವುದಿಲ್ಲ. ವಾರ ಕಳೆದರೂ ಮರಳದಿರಬಹುದು. ಅದೇ ಮೋಸ. ಎರಡು ಮೂರು ತಿಂಗಳು ಬಿಟ್ಟು ಮೊದಲು ನಿದ್ದೆ ಕೆಡುತ್ತದೆ, ಆಮೇಲೆ ಮಾತು ಕಮ್ಮಿಯಾಗುತ್ತದೆ. ಅಷ್ಟರಲ್ಲಿ ಮಾತ್ರೆ ನಿಲ್ಲಿಸಿದ್ದು ಎಲ್ಲರಿಗೂ ಮರೆತಿರುತ್ತದೆ. "ಮತ್ತೆ ಗಾಳಿ ಸೋಕಿತು" ಅನ್ನುತ್ತಾರೆ.

ಗಾಳಿ, ಮಾಟ, ಗುಡಿ, ದರ್ಗಾ, ಇದರ ಬಗ್ಗೆ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಗುಡಿಗೆ ಹೋಗಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ತಮಿಳುನಾಡಿನ ಒಂದು ಹಳ್ಳಿಯ ಗುಡಿಯಲ್ಲಿ ಉಳಿದುಕೊಂಡಿದ್ದ ತೀವ್ರ ಮನೋರೋಗಿಗಳನ್ನು ನಮ್ಮ ನಿಮ್ಹಾನ್ಸ್‌ನ ವೈದ್ಯರೇ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. 31 ಜನ, ಸರಾಸರಿ ಆರು ವಾರ ಅಲ್ಲಿದ್ದರು. ಅವರ ಕಾಯಿಲೆಯ ತೀವ್ರತೆ ಸುಮಾರು ಶೇಕಡ 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ವಿಧಿ ಏನೂ ಇರಲಿಲ್ಲ.  ಮನೆಯವರೊಬ್ಬರು ಜೊತೆಗಿರಬೇಕು. ಗುಡಿಯ ಸಣ್ಣಪುಟ್ಟ ಕೆಲಸ, ಬೆಳಗಿನ ಪೂಜೆ, ಶಾಂತವಾದ ಜಾಗ. ಅಷ್ಟರಿಂದಲೇ ಇಷ್ಟು. ಜೊತೆಯಲ್ಲಿ ಕೂರುವುದಕ್ಕೆ ಎಷ್ಟು ಶಕ್ತಿ ಇದೆ ನೋಡಿ. ಆದರೆ ಉಳಿದ ಭಾಗಕ್ಕೆ ಮಾತ್ರೆ ಬೇಕು. ಹರಕೆ ಹೊತ್ತುಕೊಳ್ಳಿ, ಮಾತ್ರೆಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಹೊಡೆಯುವ, ಹೊಗೆ ಹಾಕುವ, ಕಟ್ಟಿಹಾಕುವ ಜಾಗಕ್ಕೆ ಮಾತ್ರ ಬೇಡ.

ಮನೆಯವರು ಜೊತೆಗಿರುವುದನ್ನು ಚಿಕಿತ್ಸೆಯಾಗಿ ಮಾಡಿದ್ದು ಭಾರತದ ದೊಡ್ಡ ಕೊಡುಗೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನುವವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡರು. ಬೇರೆ ದೇಶಗಳಲ್ಲಿ ಮನೆಯವರನ್ನು ದೂರ ಇಡುತ್ತಿದ್ದ ಕಾಲ ಅದು. ಮನೆಯವರು ಕಾಯಿಲೆಯನ್ನು ಕಣ್ಣಾರೆ ಕಂಡರು, ಗುಣವಾಗುವುದನ್ನೂ ಕಂಡರು, ಕರೆದುಕೊಂಡು ಊರಿಗೆ ಹೋದರು. ನಮ್ಮ ಕರ್ನಾಟಕ ಮುಂದಿನ ಹೆಜ್ಜೆ ಇಟ್ಟಿತು. ಆಸ್ಪತ್ರೆಯನ್ನೇ ಊರಿನ ಹತ್ತಿರ ತರುವುದು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪಿಎಚ್‌ಸಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟು ಚಿಕಿತ್ಸೆ ಶುರು ಮಾಡಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಮೇಲೆ 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಊರೂರು ಹುಡುಕಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿದರು. ವರ್ಷಗಟ್ಟಲೆ ಚಿಕಿತ್ಸೆಯೇ ಕಾಣದವರು ಎಷ್ಟೋ ಮನೆಗಳಲ್ಲಿದ್ದರು. ಸಿಕ್ಕ ಮೇಲೂ ಅವರನ್ನು ಕೈಬಿಡಲಿಲ್ಲ.

ಹಾಗಂತ ಎಲ್ಲ ಸರಿಯಾಗಿದೆ ಅಂತ ಹೇಳಲಾರೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪಿಲ್ಲ. ಮಾತ್ರೆಯಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆ. ಐವತ್ತು ನಿಮಿಷ ಚಿಲಕದ ಪಕ್ಕ ಕೂರುವವರು ಸಿಗುವುದಿಲ್ಲ. ನನಗೆ ತುಂಬ ನೋವು ಕೊಡುವ ವಿಷಯ ಇದು. ಕೂರುವವರು ಇಲ್ಲದ ಕಡೆ ಎಲ್ಲರಿಗೂ ಮಾತ್ರೆಯೇ ಗತಿ ಆಗುತ್ತದೆ, ಬೇಡದವರಿಗೂ. ಬರಲಾಗದವರು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರಿನಿಂದ ಇದೆ. ದುಡ್ಡು ಬೇಕಿಲ್ಲ, ರಾತ್ರಿ ಹಗಲು ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ಯುವತಿ ಚೀಟಿ ಕಳಿಸಿದ್ದರು. ಮದುವೆ ನಿಶ್ಚಯವಾಗಿದೆ, ಮಾತ್ರೆ ತಗೊಳ್ಳುತ್ತಿದ್ದೇನೆ, ಮುಂದೆ ಮಗು ಆಗುವಾಗ ಏನು ಮಾಡಲಿ? ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಅಂದೆ. ಗರ್ಭಿಣಿಯಾಗುವ ಮೊದಲೇ ವೈದ್ಯರ ಜೊತೆ ಮಾತಾಡಿ. ವಾಲ್ಪ್ರೊಯೇಟ್ ಅನ್ನುವ ಮಾತ್ರೆ ಮಗುವಿಗೆ ನಿಜಕ್ಕೂ ಅಪಾಯ, ಅದನ್ನು ಮೊದಲೇ ಬದಲಿಸಬೇಕು. ಎಷ್ಟೋ ಮಾತ್ರೆಗಳನ್ನು ಎಚ್ಚರಿಕೆಯಿಂದ ಮುಂದುವರಿಸಬಹುದು. ಹೆರಿಗೆಯ ನಂತರದ ವಾರಗಳಲ್ಲಿ ಕಾಯಿಲೆ ಮರಳುವ ಭಯ ಹೆಚ್ಚು, ಆದ್ದರಿಂದ ಬಾಣಂತನ ಎಲ್ಲಿ, ರಾತ್ರಿ ಮಗು ನೋಡಿಕೊಳ್ಳುವವರು ಯಾರು ಅನ್ನುವುದನ್ನು ಈಗಲೇ ಯೋಚಿಸಿ. ಸಾಧ್ಯವಾದರೆ ಹುಡುಗನಿಗೂ ಹೇಳಿ. ನೀವು ಬಯಸಿದರೆ ಅವರನ್ನು ನನ್ನ ಹತ್ತಿರ ಕರೆತನ್ನಿ, ನಾನೇ ಕೂರಿಸಿಕೊಂಡು ವಿವರಿಸುತ್ತೇನೆ.

ಇನ್ನೊಬ್ಬರು ಹಿಂದಿನ ಸಾಲಿನಿಂದ ಎದ್ದರು. ಅರವತ್ತು ದಾಟಿದ ತಾಯಿ. ಮಗನಿಗೆ ಹನ್ನೊಂದು ವರ್ಷದಿಂದ ಕಾಯಿಲೆ. "ಅವನಿಗೆ ಎಷ್ಟು ದಿನ ಅಂತ ಕೇಳೋದು ಬಿಟ್ಟಿದ್ದೀನಿ ಡಾಕ್ಟ್ರೇ. ನನಗೆ ಎಷ್ಟು ದಿನ ಆಗುತ್ತೆ, ಅದನ್ನ ಹೇಳಿ" ಅಂದರು. ಸಭೆ ಸುಮ್ಮನಾಯಿತು. ನನಗೂ ತಕ್ಷಣ ಮಾತು ಬರಲಿಲ್ಲ. ಸಭೆ ಮುಗಿದಮೇಲೆ ಅವರ ಪಕ್ಕ ಕೂತೆ. ದಿನಾ ಎರಡು ಹೊತ್ತು ಮಾತ್ರೆ ನುಂಗಿಸಲು ಅವನ ಜೊತೆ ಗುದ್ದಾಟ ಅಂದರು. ತಿಂಗಳಿಗೊಂದು ಇಂಜೆಕ್ಷನ್ ಆಗುತ್ತದಾ ನೋಡೋಣ ಅಮ್ಮಾ, ಆ ಜಗಳ ನಿಲ್ಲುತ್ತದೆ ಅಂದೆ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿಲ್ಲ ಅಂತ ಗೊತ್ತಾಯಿತು. ಮಾನಸಿಕ ಕಾಯಿಲೆಗೂ ಅದು ಸಿಗುತ್ತದೆ, ಅದರ ಮೇಲೆ ಪಿಂಚಣಿಗೆ ಅರ್ಜಿ ಹಾಕಬಹುದು ಅಂತ ಅಲ್ಲೇ ಇದ್ದ ಆಶಾ ಅಕ್ಕ ಬರೆದುಕೊಂಡರು. ಮನೆಯಲ್ಲಿ ಇನ್ನು ಯಾರಿದ್ದಾರೆ ಅಂದೆ. ಚಿಕ್ಕ ಮಗ ಇದ್ದಾನೆ, ಪೇಟೆಯಲ್ಲಿ ಗ್ಯಾರೇಜು, ಅಣ್ಣನ ವಿಷಯಕ್ಕೆ ಬರುವುದಿಲ್ಲ, ನಾಚಿಕೆ ಅಂದರು. ಅವನನ್ನು ಒಂದು ಸಲ ಕರೆತನ್ನಿ, ಬೈಯುವುದಿಲ್ಲ, ಕಾಯಿಲೆ ಏನು ಅಂತ ಮಾತ್ರ ಹೇಳುತ್ತೇನೆ ಅಂದೆ. ಮಂಗಳವಾರ ಗ್ಯಾರೇಜಿಗೆ ರಜೆಯಂತೆ. ಕೇಳಿ ನೋಡ್ತೀನಿ ಅಂತ ಎದ್ದು, ಬಸ್ಸಿಗೆ ಹೊರಟರು.